ದಾದಿಯ ನಿರ್ಣಯವೂ ಆತ್ಮವಿಶ್ವಾಸವೂ



ವೈದ್ಯನು ರೋಗಿಯ ಬಳಿಗೆ ದಿನಕ್ಕೆ ಒಂದೆರಡು ಬಾರಿ ಬಂದುಹೋಗುವನು. ದಾದಿಯಾದರೋ ಹಗಲಿರುಳೂ ಅಲ್ಲಿಯೇ ಇರುವಳು. ಆದುದರಿಂದ ರೋಗದ ತಿರುವನ್ನು ಮೊದಲು ಕಾಣತಕ್ಕವಳು ಅವಳೇ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ತೆರಳಿದ ಫ್ಲಾರೆನ್ಸ್ ನೈಟಿಂಗೇಲ್ ಮಹಿಳೆಯು ಮುಂದೆ ಶುಶ್ರೂಷೆಯನ್ನು ಕುರಿತು ಬರೆದಾಗ, ರೋಗಿಯನ್ನು ಚೆನ್ನಾಗಿ ನೋಡಿ ತಿಳಿಯುವುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಆದರೆ ನೋಡಿ ತಿಳಿದ ಮೇಲೆ ಮಾಡತಕ್ಕದ್ದೇನು? ಕಷ್ಟವಿರುವುದು ಅಲ್ಲಿಯೇ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬನ ಉಸಿರು ಸಂಜೆ ನಿಮಿಷಕ್ಕೆ 16 ಇದ್ದುದು ನಡುರಾತ್ರಿ 26ಕ್ಕೆ ಏರಿದೆ. ಜ್ವರವಿಲ್ಲ. "ಏನೂ ಇಲ್ಲಮ್ಮ, ನಿದ್ದೆ ಬಾರದು, ಅಷ್ಟೇ" ಎನ್ನುತ್ತಾನೆ ರೋಗಿ. ವೈದ್ಯನು ಆಗತಾನೆ ಮಲಗಿರುವನು. ಎಬ್ಬಿಸಬೇಕೇ, ಬೆಳಗಿನವರೆಗೆ ಕಾಯಬೇಕೇ? ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಮುನ್ನೆಚ್ಚರಿಕೆಯ ಅಂಕಪದ್ಧತಿಯ ಮೇರೆಗೆ ಉಸಿರು 25 ಅಥವಾ ಅದಕ್ಕೆ ಮೇಲ್ಪಟ್ಟರೆ ಆ ಒಂದು ಲಕ್ಷಣಕ್ಕೇ 3 ಅಂಕ. ವೈದ್ಯನಿಗೆ ತಿಳಿಸಲು ಅಷ್ಟೇ ಸಾಕು. ಇದನ್ನು ಬಲ್ಲ ದಾದಿಯೂ ಹಿಂಜರಿಯುವುದುಂಟು. ಅವಳಿಗೆ ಕೊರತೆಯಾದುದು ಜ್ಞಾನವಲ್ಲ. ಇದು ತನ್ನಿಂದ ಆಗುವುದೆಂಬ ನಂಬಿಕೆ.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞನು 1977ರಲ್ಲಿ ಈ ಸ್ವಸಾಮರ್ಥ್ಯದ ನಂಬಿಕೆಯನ್ನು ವಿವರಿಸಿ, ಅದಕ್ಕೆ ನಾಲ್ಕು ಮೂಲಗಳನ್ನು ಹೇಳಿದನು: ತಾನೇ ಮಾಡಿ ಸಾಧಿಸಿದ ಅನುಭವ, ತನ್ನಂಥವರು ಸಾಧಿಸುವುದನ್ನು ಕಂಡದ್ದು, ಬಲ್ಲವರ ಪ್ರೋತ್ಸಾಹ, ತನ್ನ ದೇಹಮನಸ್ಸುಗಳ ಸ್ಥಿತಿ. ಇವನ್ನು ಆಸ್ಪತ್ರೆಗೆ ಅನ್ವಯಿಸಿದರೆ ಮರ್ಮವು ತಿಳಿಯುವುದು. ಕೇಳಿದ್ದಕ್ಕೆ ಗದರಿಸಿಕೊಂಡ ಎಳೆಯ ದಾದಿಯು ಮತ್ತೊಮ್ಮೆ ಕೇಳಳು. ಎರಡು ಪಾಳಿ ಒಂದೇ ಸಮನೆ ದುಡಿದವಳಿಗೆ ತನ್ನ ಆಯಾಸವೇ ಅಳುಕಾಗಿ ತೋರುವುದು. ಅಂಥವಳ ಮೌನಕ್ಕೆ ಅವಳೊಬ್ಬಳೇ ಹೊಣೆಯಲ್ಲ.

ಆದರೆ ಧೈರ್ಯವೊಂದೇ ಸಾಲದು. ತಿಳಿಯದುದನ್ನು ತಿಳಿದೆನೆಂದು ನಂಬಿದವಳಿಂದಲೂ ರೋಗಿಗೆ ಅಪಾಯವೇ. ಆ ಧೈರ್ಯಕ್ಕೆ ವೃತ್ತಿಧರ್ಮವು ಕಡಿವಾಣ. ತನ್ನ ಅಧಿಕಾರದ ಎಲ್ಲೆಯನ್ನು ಅರಿಯುವುದು, ಕಂಡುದನ್ನು ಕಂಡಂತೆ ಬರೆದಿಡುವುದು, ತಪ್ಪಿದಾಗ ಮುಚ್ಚಿಡದಿರುವುದು, ರೋಗಿಯ ಹಿತವನ್ನು ತನ್ನ ಮಾನಾಪಮಾನಗಳಿಗಿಂತ ಮೇಲೆಂದು ಎಣಿಸುವುದು, ಇವೇ ಆ ಧರ್ಮದ ಅಂಗಗಳು. ಇದು ಉದ್ಧಟಳನ್ನು ಹೇಗೆ ತಡೆಯುವುದೋ ಹಾಗೆಯೇ ಅಂಜುವವಳನ್ನು ಮುಂದಕ್ಕೆ ತಳ್ಳುವುದು. ತನಗಾಗಿ ಬಾಯಿ ತೆರೆಯಲಾರದವಳು ರೋಗಿಗಾಗಿ ಬಾಯಿ ತೆರೆಯುವಳು.

ಇವೆರಡೂ ಒಂದೇ ದಿನದಲ್ಲಿ ಬರತಕ್ಕವಲ್ಲ. ಪೆಟ್ರೀಷಿಯಾ ಬೆನ್ನರ್ ಎಂಬ ವಿದುಷಿಯು 1984ರ ತನ್ನ ಗ್ರಂಥದಲ್ಲಿ ದಾದಿಯು ಹೊಸಬಳಿಂದ ನಿಪುಣೆಯಾಗುವವರೆಗೆ ಐದು ಮೆಟ್ಟಿಲುಗಳನ್ನು ಎಣಿಸಿದ್ದಾಳೆ. ನಮ್ಮ ದೇಶದಲ್ಲಿ ಶಿಕ್ಷಣದ ಮಟ್ಟವು ಎಲ್ಲೆಡೆಯೂ ಒಂದೇ ಆಗಿರಲೆಂದು 1947ರಲ್ಲಿಯೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯಾಯಿತು. ಕಾಯಿದೆಯು ಶಿಕ್ಷಣವನ್ನು ಕೊಡಿಸೀತು. ನಂಬಿಕೆಯನ್ನು ಬೆಳೆಸತಕ್ಕವರು ಜೊತೆಯವರು. ಹಿರಿಯ ದಾದಿಯು ಕಿರಿಯಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತನ್ನ ನಿರ್ಣಯದ ಕಾರಣವನ್ನು ಹೇಳಬೇಕು. ವೈದ್ಯನು ಸುಳ್ಳಾದ ಎಚ್ಚರಿಕೆಗೂ "ಕರೆದದ್ದು ಒಳ್ಳೆಯದಾಯಿತಮ್ಮ" ಎನ್ನಬೇಕು.

ಹಾಗಾದಲ್ಲಿ ಆ ನಡುರಾತ್ರಿಯ ದಾದಿಯು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರನ್ನು ಮತ್ತೆ ಎಣಿಸುವಳು; ನಾಡಿಯನ್ನು ನೋಡಿ ಬರೆದಿಡುವಳು; ಅನಂತರ ವೈದ್ಯನನ್ನು ಎಬ್ಬಿಸಿ ಕಂಡುದನ್ನೂ ತನ್ನ ಶಂಕೆಯನ್ನೂ ಸ್ಪಷ್ಟವಾಗಿ ಹೇಳುವಳು. ಶಂಕೆಯು ಸುಳ್ಳಾದರೆ ಒಬ್ಬರ ನಿದ್ದೆ ಕೆಟ್ಟೀತು. ನಿಜವಾದರೆ ಒಂದು ಜೀವ ಉಳಿದೀತು. ಈ ತೂಕವನ್ನು ಬಲ್ಲವಳೇ ದಾದಿ.