ಅತ್ತೆಯ ಕುರ್ಚಿಗೊಂದು ಹಸಿರು ಮರೆ

(ಮಹಿಳಾ ವಿಭಾಗದ ಜುಲೈ ತಿಂಗಳ ಸಭೆಯಲ್ಲಿ ಮಾಡಿದ ಮಾತಿನ ಬರಹ ರೂಪ)



"ನಿಮ್ಮ ಹಿತ್ತಲಿನ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ಮುಂಬಯಿಯಲ್ಲಿ ಹಿತ್ತಲೇ? ಮುಲುಂಡಿನ ನಾಲ್ಕು ಮಹಡಿಯ ಹಳೆಯ ಸೊಸೈಟಿಯಲ್ಲಿ ನಮ್ಮದು ನೆಲ ಅಂತಸ್ತಿನ ಮನೆ. ಅಡುಗೆಮನೆಯ ಹಿಂದೆ ಪಾಗಾರದವರೆಗೆ ಹನ್ನೆರಡು ಅಡಿ ಅಗಲದ ಜಾಗವಿದೆ. ಜಾಗ ಸೊಸೈಟಿಯದು, ಗುಡಿಸುವ ಕೆಲಸ ನಮ್ಮದು. ಅಷ್ಟೇ ನಮ್ಮ ಹಿತ್ತಲು.

ಮಾವ ತೀರಿಕೊಂಡ ಮೇಲೆ ಅತ್ತೆ ಕುಂದಾಪುರದ ಕಡೆಯ ಮನೆ ಬಿಟ್ಟು ನಮ್ಮಲ್ಲಿಗೆ ಬಂದರು. ಅವರಿಗೆ ಈ ಊರಿನಲ್ಲಿ ಹಿಡಿಸಿದ್ದು ಅದೊಂದೇ ಜಾಗ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲು ಹರಡಿಕೊಂಡು ಅಲ್ಲಿ ಕುರ್ಚಿ ಹಾಕಿ ಕೂತರೆ ಹತ್ತು ಗಂಟೆಯವರೆಗೆ ಏಳುತ್ತಿರಲಿಲ್ಲ. ಆಮೇಲೆ ಪಾಗಾರದ ಆಚೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಎದ್ದು ನಿಂತ ಟವರಿನ ಕೆಳಗಿನ ಅಂತಸ್ತುಗಳಲ್ಲಿ ಕಾರು ನಿಲ್ಲಿಸುವ ಜಾಗ. ಡ್ರೈವರುಗಳು ಅಲ್ಲಿ ಕಟ್ಟೆಗೆ ಒರಗಿ ನಿಂತರೆ ಕಣ್ಣು ನೇರ ನಮ್ಮ ಕುರ್ಚಿಗೆ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ, ಬೇಸರಕ್ಕೆ ಎಲ್ಲಿಯಾದರೂ ನೋಡಲೇಬೇಕಲ್ಲ. ಆದರೆ ಅತ್ತೆ ಹೊರಗೆ ಹೋಗುವುದನ್ನೇ ಬಿಟ್ಟರು. ದಿನವಿಡೀ ಟೀವಿಯ ಮುಂದೆ, ಮಾತೂ ಕಡಿಮೆ. ನನಗೆ ಚಿಂತೆಯಾಗಿದ್ದು ಅಲ್ಲಿ.

ಮೊದಲು ಮಾಡಿದ್ದು ನಾವೆಲ್ಲ ಮಾಡುವ ಕೆಲಸವೇ. ಹಸಿರು ಬಲೆ ತಂದು ಕಟ್ಟಿಸಿದೆ. ಅಡುಗೆಮನೆಗೆ ಹಗಲಲ್ಲೂ ದೀಪ ಬೇಕಾಯಿತು. ಮೊದಲ ಮಳೆಗಾಲದ ಗಾಳಿಗೆ ಬಲೆ ಹರಿದು ಮೂರನೇ ಮಹಡಿಯವರ ಗ್ರಿಲ್ಲಿಗೆ ಸಿಕ್ಕಿಕೊಂಡಿತು. ಆಮೇಲೆ ನರ್ಸರಿಗೆ ಹೋಗಿ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತಂದೆ: ದಾಸವಾಳ, ಕಾಗದದ ಹೂ, ಹಳದಿ ಎಲೆಯ ಡ್ಯುರಾಂಟಾ. ಪಾಗಾರದ ಬುಡಕ್ಕೆ ಸಾಲಾಗಿ ನೆಟ್ಟೆ. ದಾಸವಾಳಕ್ಕೆ ಹೂವಿನ ಬದಲು ಬಿಳಿ ಹಿಟ್ಟಿನಂಥ ತಿಗಣೆ ಬಂತು. ಕಾಗದದ ಹೂವಿನ ಗಿಡದಲ್ಲಿ ಮುಳ್ಳು ಮಾತ್ರ. ಡ್ಯುರಾಂಟಾದ ಹಳದಿ ಹೋಗಿ ಬರೀ ಹಸಿರಾಯಿತು. ಎಲ್ಲವೂ ಬೆಳಕು ಹುಡುಕಿಕೊಂಡು ಉದ್ದಕ್ಕೆ ಹೋದವು, ಬುಡ ಬೋಳು. ಮರೆಯಾಗಬೇಕಾದ ಕಡೆ ಕಡ್ಡಿಗಳು, ಬೇಡದ ಕಡೆ ಎಲೆ.

ಆಗ ನನ್ನ ಮಗಳು, "ಅಮ್ಮಾ, ಗಿಡ ತರುವ ಮೊದಲು ಬಿಸಿಲನ್ನಾದರೂ ನೋಡಿದೆಯಾ?" ಎಂದು ಕೇಳಿದಳು. ನೋಡಿರಲಿಲ್ಲ. ಒಂದು ಭಾನುವಾರ ಗಂಟೆಗೊಮ್ಮೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಸಿಲಿನ ಗೆರೆ ಎಳೆದೆವು. ನಮ್ಮ ಜಾಗ ಕಟ್ಟಡದ ಉತ್ತರಕ್ಕಿದೆ. ಮುಂಬಯಿಯಲ್ಲಿ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಕಟ್ಟಡದ ನೆರಳು ಹೆಚ್ಚುಕಡಿಮೆ ಕಟ್ಟಡದ ಎತ್ತರದಷ್ಟೇ ಉದ್ದ ಬೀಳುತ್ತದೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ಸ್ವಲ್ಪ ಉತ್ತರಕ್ಕೆ ಸರಿಯುತ್ತಾನೆ. ಆದರೆ ಆಗ ಅರ್ಧಕ್ಕರ್ಧ ದಿನ ಮೋಡ! ಉಳಿದ ಕಾಲದಲ್ಲಿ ನಮಗೆ ಸಿಗುವುದು ಬೆಳಗಿನ ಒಂದೂವರೆ ಎರಡು ಗಂಟೆಯ ಓರೆ ಬಿಸಿಲು. ಇದನ್ನು ನಂಬಿ ದಾಸವಾಳ ನೆಟ್ಟರೆ ತಪ್ಪು ಗಿಡದ್ದಲ್ಲ.

ಎರಡನೆಯ ಪಾಠ ಕೋಲಿನದು. ಅತ್ತೆಯ ಕುರ್ಚಿಯಲ್ಲಿ ನಾನು ಕೂತೆ. ಮಗಳು ಒಂದು ಬಿದಿರಿನ ಕೋಲು ಹಿಡಿದು ನನ್ನ ಮತ್ತು ಪಾರ್ಕಿಂಗಿನ ನಡುವೆ ಬೇರೆ ಬೇರೆ ಕಡೆ ನಿಂತಳು. ನೋಟ ಬರುವುದು ಮೇಲಿನಿಂದ. ಪಾಗಾರದ ಹತ್ತಿರ ಅದನ್ನು ತಡೆಯಲು ಹತ್ತು ಅಡಿಗೂ ಎತ್ತರದ ಗಿಡ ಬೇಕು. ಕುರ್ಚಿಯಿಂದ ಮೂರು ಅಡಿ ದೂರದಲ್ಲಿ ಐದೂವರೆ, ಆರು ಅಡಿ ಸಾಕು! ನಾನು ಎರಡು ವರ್ಷ ಕಳೆದದ್ದು ತಪ್ಪು ಜಾಗದಲ್ಲಿ. ಮರೆ ಬೇಕಾದದ್ದು ಹಿತ್ತಲಿಗಲ್ಲ, ಒಂದು ಕುರ್ಚಿಗೆ ಮತ್ತು ಬಟ್ಟೆ ಒಣಗಿಸುವ ಹಗ್ಗಕ್ಕೆ. ಹೀಗೆ ಮಾಡಿದ್ದರಿಂದ ಪಾಗಾರದ ಬದಿಯ ದಾರಿಯೂ ತೆರೆದು ಉಳಿಯಿತು, ಗಟಾರದ ಮುಚ್ಚಳ ತೆಗೆಯಲು ಪ್ಲಂಬರನಿಗೆ ಅಡ್ಡಿಯಿಲ್ಲ, ಸೊಸೈಟಿಯ ಸೆಕ್ರೆಟರಿಯೂ ಒಪ್ಪಿದರು. ದಯವಿಟ್ಟು ನೆಡುವ ಮೊದಲು ಒಪ್ಪಿಗೆ ಕೇಳಿ. ಫೈಕಸ್ ಬೆಂಜಮಿನಾ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ, ಅದರ ಬೇರು ಪೈಪಿನೊಳಗೆ ನುಗ್ಗುತ್ತದೆ.

ಅರೆ ನೆರಳಿಗೆ ಯಾವ ಗಿಡ? ಉತ್ತರ ನಮ್ಮ ಊರಿನ ಬೇಲಿಯಲ್ಲೇ ಇತ್ತು. ನಂದಿಬಟ್ಟಲು. ಇಲ್ಲಿಯವರು ತಗರ್ ಅನ್ನುತ್ತಾರೆ. ನೆರಳಲ್ಲೂ ಎಲೆ ದಟ್ಟ, ಹೂ ಸ್ವಲ್ಪ ಕಡಿಮೆಯಾದರೂ ದೇವರಿಗೆ ಸಾಕಾಗುವಷ್ಟು. ಒಮ್ಮೊಮ್ಮೆ ದೊಡ್ಡ ಕಣ್ಣಿನಂಥ ಚುಕ್ಕೆಯಿರುವ ಬೆರಳುದ್ದದ ಹಸಿರು ಹುಳ ಬರುತ್ತದೆ. ನಮ್ಮ ಕೆಲಸದ ಬಾಯಿ ಕಿರುಚಿದ್ದು ನಾಲ್ಕನೇ ಮಹಡಿಗೆ ಕೇಳಿಸಿತ್ತು. ಕೈಯಿಂದ ತೆಗೆದು ಹಾಕಿದರೆ ಮುಗಿಯಿತು. ಅದರ ಪಕ್ಕ ಕಾಮಿನಿ, ನಮ್ಮ ಕರಿಬೇವಿನ ಹತ್ತಿರದ ನೆಂಟ. ನಿಧಾನವಾಗಿ ಬೆಳೆಯುತ್ತದೆ, ಆದರೆ ಕತ್ತರಿಸಿದಷ್ಟೂ ಒತ್ತಾಗುತ್ತದೆ. ಬೆಳಗಿನ ಬಿಸಿಲು ತಾಗುವ ತುದಿಗೆ ಎರಡು ಕೇಪಳ. ತೀರಾ ಕತ್ತಲಿರುವ ಮೂಲೆಗೆ ಆಡುಸೋಗೆ, ಮರಾಠಿಯ ಅಡುಳ್ಸಾ. ಕೆಮ್ಮಿಗೂ ಆಯಿತೆಂದು ಅತ್ತೆಗೆ ಸಮಾಧಾನ. ಅರೆಕಾ ಪಾಮನ್ನು ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ. ನನಗೇಕೋ ಅದನ್ನು ಕಂಡರೆ ಹೋಟೆಲಿನ ಬಾಗಿಲು ನೆನಪಾಗುತ್ತದೆ.

ಗುಂಡಿ ತೋಡಿದಾಗ ಮಣ್ಣಿಗಿಂತ ಹೆಚ್ಚು ಇಟ್ಟಿಗೆಯ ಚೂರು, ಹಳೆಯ ಟೈಲ್ಸ್ ಸಿಕ್ಕಿದವು. ಅವನ್ನೆಲ್ಲ ತೆಗೆಸಿ ಕೆಂಪು ಮಣ್ಣು, ಗೊಬ್ಬರ ತುಂಬಿಸಿ ಪಾತಿಯನ್ನು ಅರ್ಧ ಅಡಿ ಎತ್ತರಿಸಿದೆವು. ಇಲ್ಲಿಯ ಮಳೆಗೆ ಬೇರು ನೀರಲ್ಲಿ ನಿಂತರೆ ಕೊಳೆಯುತ್ತದೆ, ಸೊಳ್ಳೆಯೂ ಆಗುತ್ತದೆ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ಕತ್ತರಿಸುವಾಗ ಮೇಲೆ ಕಿರಿದು, ಬುಡದಲ್ಲಿ ಅಗಲ ಇರಲಿ, ಕೆಳಗಿನ ಎಲೆಗೂ ಬೆಳಕು ಸಿಗಬೇಕು. ಮಾಳಿಗೆ ಇದನ್ನು ಪ್ರತಿ ಸಲವೂ ಹೇಳಬೇಕು, ಅವನು ಛತ್ರಿಯಂತೆ ಮಾಡಿಬಿಡುತ್ತಾನೆ.

ಎರಡು ಮಳೆಗಾಲ ಕಳೆಯಿತು. ಗಿಡಗಳು ನನ್ನ ತಲೆಗಿಂತ ಮೇಲೆ ಬಂದವು. ಉತ್ಸಾಹದಲ್ಲಿ ನಾನು ಮೂರೂ ಬದಿ ಮುಚ್ಚಲು ಹೊರಟಾಗ ಅತ್ತೆ ತಡೆದರು. "ಎಲ್ಲಾ ಕಡಿ ಮುಚ್ಚಬೇಡ ಮಗಾ. ನನ್ನ ಯಾರೂ ಕಾಂಬುಕಾಗ, ನಾನ್ ಎಲ್ಲರ್ನೂ ಕಾಣ್ಕ್" ಎಂದರು. ಊರಿನಲ್ಲಿ ಬೇಲಿಯ ನಡುವೆ ದಣಪೆ ಇರುತ್ತಿತ್ತಲ್ಲ, ಹಾಗೆ ಮೆಟ್ಟಿಲಿನ ಕಡೆಗೆ ಎರಡು ಅಡಿ ಬಿಟ್ಟಿದ್ದೇವೆ. ಎರಡನೇ ಮಹಡಿಯ ಮರಾಠಿ ಅಜ್ಜಿ ಆ ಸಂದಿಯಿಂದಲೇ ಒಳಗೆ ಬರುತ್ತಾರೆ. ಇವರಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ಹತ್ತು ಗಂಟೆಯವರೆಗೆ ಅದೇನು ಮಾತಾಡುತ್ತಾರೋ.

ಮಳೆ ಹಿಡಿದಿದೆ, ಕಡ್ಡಿ ಊರಲು ಇದೇ ಸಮಯ. ನಂದಿಬಟ್ಟಲಿನ ಇಪ್ಪತ್ತು ಕಡ್ಡಿ ಕಾಗದದಲ್ಲಿ ಸುತ್ತಿ ತಂದಿದ್ದೇನೆ, ಬಾಗಿಲ ಬಳಿಯ ಚೀಲದಲ್ಲಿವೆ. ಬೇಕಾದವರು ಚಹಾದ ಹೊತ್ತಿಗೆ ತೆಗೆದುಕೊಳ್ಳಿ. ಹಾಲು ಸೋರುತ್ತದೆ, ಸೀರೆಗೆ ತಾಗಿಸಿಕೊಳ್ಳಬೇಡಿ.