ಕೈ ಕಟ್ಟಿಕೊಂಡು ಮಾಡುವ ಸಹಾಯ

(ಟ್ರಸ್ಟ್‌ನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯ ದಿನ ಕ್ಯಾಸಂಬಳ್ಳಿಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)

  

ಹಣದ ಲೆಕ್ಕವನ್ನು ಖಜಾಂಚಿಯವರು ಓದಿ ಮುಗಿಸಿದರು. ನನಗೆ ಒಪ್ಪಿಸಿರುವುದು ಭಾನುವಾರಗಳ ಲೆಕ್ಕ.

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ ಈ ಕಡೆಯ ಜನಕ್ಕೆ ಬೆಂಗಳೂರಿನ ರೈಲೇ ಅನ್ನದ ದಾರಿ ಎಂಬುದು ನಿಮಗೆ ಗೊತ್ತು. ನಮ್ಮ ಸ್ವಯಂಸೇವಕರಲ್ಲಿ ಹೆಚ್ಚಿನವರು ಕತ್ತಲಿರುವಾಗಲೇ ಬಂಗಾರಪೇಟೆಗೆ ಹೋಗಿ ರೈಲು ಹತ್ತಿ, ಕತ್ತಲಾದ ಮೇಲೆ ಮನೆ ಸೇರುವವರು. ಅವರ ಕೈಯಲ್ಲಿ ಇರುವುದು ಒಂದು ಭಾನುವಾರ. ಅದರಲ್ಲೂ ಮದುವೆ, ಸಾವು, ರೇಷನ್, ನಿದ್ದೆ. ಉಳಿದ ಎರಡು ಗಂಟೆಯನ್ನು ಅವರು ಶಾಲಾ ಮಕ್ಕಳ ಪ್ರಾಜೆಕ್ಟ್ ಕೆಲಸಕ್ಕೆ ಕೊಡುತ್ತಿದ್ದಾರೆ.

ಪ್ರಾಜೆಕ್ಟ್ ಎಂದರೆ ನಮ್ಮ ಮನೆಗಳಲ್ಲಿ ಏನು? ಮಗು ಸಂಜೆ ಬಂದು 'ನಾಳೆ ಪ್ರಾಜೆಕ್ಟ್ ತರಬೇಕು' ಎನ್ನುತ್ತದೆ. ಥರ್ಮಾಕೋಲ್, ಬಣ್ಣದ ಕಾಗದ, ಕಲರ್ ಪ್ರಿಂಟ್. ಹೊಲಿಗೆ ಮಷಿನ್ ಮುಂದೆ ಕೂತ ಅಮ್ಮಿ ಆ ದಿನದ ಕೂಲಿಯಿಂದ ನೋಟು ಎತ್ತಿ ಕೊಡುತ್ತಾಳೆ. ದುಡ್ಡಿದ್ದವರು ಅಂಗಡಿಯಲ್ಲಿ ರೆಡಿಮೇಡ್ ಜ್ವಾಲಾಮುಖಿಯನ್ನೇ ಕೊಂಡು ತರುತ್ತಾರೆ. ಆಮೇಲೆ ಅದು ಸ್ಟಾಫ್ ರೂಮಿನ ಬೀರು ಮೇಲೆ ಧೂಳು ತಿನ್ನುತ್ತದೆ. ಮೇಷ್ಟ್ರುಗಳು ನಗುತ್ತಿದ್ದೀರಿ, ಬೀರು ನಿಮ್ಮದೇ.

ನಾನೂ ಮೊದಲ ವರ್ಷ ಇದನ್ನೇ ಮಾಡಿದೆ. ಇಬ್ಬರು ಹುಡುಗರಿಗೆ ಮಳೆನೀರು ಕೊಯ್ಲಿನ ಮಾದರಿ. ಪೈಪು ಕೊಯ್ದವನು ನಾನು, ವರದಿ ಬರೆದವನು ನಾನು, ರಾತ್ರಿ ಕೂತು ಕಂಪ್ಯೂಟರಿನಲ್ಲಿ ಟೈಪ್ ಮಾಡಿದವನೂ ನಾನು. ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು ಹುಡುಗನನ್ನು, 'ನಿಮ್ಮ ಮನೆ ಮಾಳಿಗೆಯ ಉದ್ದ ಅಗಲ ಎಷ್ಟು?' ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. ಅವನ ಮನೆಗೆ ಶೀಟು, ಮಾಳಿಗೆಯೇ ಇಲ್ಲ. ನಾನು ಒಂದು ಸಲವೂ ಅವನ ಮನೆಗೆ ಹೋಗಿರಲಿಲ್ಲ. ಹಿಂದೆ ಬರುವಾಗ ಬಸ್ಸಿನಲ್ಲಿ ಆ ಹುಡುಗ ಒಂದು ಮಾತೂ ಆಡಲಿಲ್ಲ. ನನಗೂ ಧೈರ್ಯ ಬರಲಿಲ್ಲ.

ಅಂದಿನಿಂದ ನಮ್ಮ ಗುಂಪಿಗೆ ಒಂದೇ ನಿಯಮ: ಪೆನ್ನು ಮಗುವಿನ ಕೈಯಲ್ಲೇ ಇರಬೇಕು. ದೊಡ್ಡವರು ಪ್ರಶ್ನೆ ಕೇಳಬಹುದು, ಜೊತೆಗೆ ನಡೆಯಬಹುದು, ಕಚೇರಿಯ ಬಾಗಿಲವರೆಗೆ ಬರಬಹುದು. ಕೈ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೇ ಗೊತ್ತು.

ಇದು ನಾವು ಕಂಡುಹಿಡಿದ ದಾರಿಯಲ್ಲ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆದು ಬಂದಿದೆ. 10ರಿಂದ 17 ವರ್ಷದ ಮಕ್ಕಳಿಗೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಸಂಘಟಿಸಿತು. ಅಲ್ಲಿ ಹೊಳೆಯುವ ಮಾದರಿಗೆ ಬೆಲೆಯಿಲ್ಲ. ಮಕ್ಕಳು ತಮ್ಮ ಊರಿನದೇ ಒಂದು ತೊಂದರೆ ಹಿಡಿದು, ಅಳೆದು, ಕೇಳಿ, ಬರೆದು ತರಬೇಕು. ಅದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ಒಂದು ಟೇಪು, ಜೊತೆಗೆ ನಡೆಯುವ ಒಬ್ಬ ದೊಡ್ಡವರು.

ಕಳೆದ ವರ್ಷದ ಒಂದು ಕೆಲಸ ಹೇಳುತ್ತೇನೆ. ನಮ್ಮ ಹೋಬಳಿಯದೇ ಒಂದು ಊರು, ಹೆಸರು ಬೇಡ. ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು. ಒಬ್ಬಳ ಮನೆಮಾತು ದಖ್ನಿ, ಇನ್ನೊಬ್ಬಳದು ತೆಲುಗು. ಕೋಲಾರ ಜಿಲ್ಲೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆಯಲ್ಲ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎಂದು ಪುಸ್ತಕದಲ್ಲಿ ಓದಿದ್ದರು. ನೀರು ಪರೀಕ್ಷೆ ಮಾಡುತ್ತೇವೆ ಎಂದರು. ನಮ್ಮ ಸ್ವಯಂಸೇವಕಿ, 'ಸರಿ, ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಯಾರು ತರುತ್ತಾರೆ?' ಎಂದಷ್ಟೇ ಕೇಳಿದರು. 'ನಾವೇ ಆಪಾ, ಶುದ್ಧ ನೀರಿನ ಘಟಕದಿಂದ. ಅದಕ್ಕೇ ಶಾಲೆಗೆ ಲೇಟು' ಎಂದಳು ಒಬ್ಬಳು.

ಪ್ರಾಜೆಕ್ಟ್ ಅಲ್ಲಿಗೆ ತಿರುಗಿತು. ಶಾಲೆಗೆ ತಡವಾಗಿ ಬರುವವರು ಯಾರು, ಏಕೆ? ಮೂರು ವಾರ ಇಬ್ಬರೂ ಬೆಳಿಗ್ಗೆ ಘಟಕದ ಮುಂದೆ ಕ್ಯಾನ್‌ಗಳ ಸಾಲು ಎಣಿಸಿದರು. ಯಾರ ಕೈಯಲ್ಲಿ ಕ್ಯಾನ್ ಇದೆ, ಗಂಡಸೋ ಹೆಂಗಸೋ ಮಗುವೋ ಎಂದು ಗೆರೆ ಹಾಕಿದರು. ಶಾಲೆಯಲ್ಲಿ ತಡವಾದವರ ಹೆಸರನ್ನು ಮೇಡಂ ಅನುಮತಿ ಪಡೆದು ಬರೆದುಕೊಂಡರು. ಮನೆಗಳಲ್ಲಿ ಉರ್ದುವಿನಲ್ಲೂ ತೆಲುಗಿನಲ್ಲೂ ಕೇಳಿ, ಕನ್ನಡದಲ್ಲಿ ಬರೆದರು. ಎರಡು ಪಟ್ಟಿ ಪಕ್ಕಪಕ್ಕ ಇಟ್ಟಾಗ ಕಂಡಿದ್ದು ಇಷ್ಟು: ಹಿಂದಿನ ಸಂಜೆ ಕರೆಂಟ್ ಹೋಗಿ ಘಟಕ ನಿಂತಿದ್ದರೆ, ಮಾರನೇ ಬೆಳಿಗ್ಗೆ ಸಾಲು ಉದ್ದ; ಆ ದಿನ ಮೊದಲ ಪೀರಿಯಡ್ಡಿಗೆ ಇಲ್ಲದವರು ಬಹುಪಾಲು ಹುಡುಗಿಯರು. ಮೊದಲ ಪೀರಿಯಡ್ ಗಣಿತ.

ಅದನ್ನು ಅವರು ಶಾಲೆಯಲ್ಲಿ ಓದಿದರು. ತಡವಾದವರನ್ನು ಹೊರಗೆ ನಿಲ್ಲಿಸುವುದು ಆ ವಾರವೇ ನಿಂತಿತು. ಆಮೇಲೆ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಬಂತು. ವರ್ಷಕ್ಕೊಮ್ಮೆ ಮಕ್ಕಳೇ ಎದ್ದು ಕೇಳುವ ಸಭೆ ಅದು. ಅನೇಕ ಪೋಷಕರಿಗೆ ಹಾಗೊಂದು ಇದೆಯೆಂದೇ ತಿಳಿದಿಲ್ಲ. ಹುಡುಗಿಯರು ಪಟ್ಟಿ ಹಿಡಿದು ನಿಂತರು. ಕರೆಂಟ್ ಹೋದ ದಿನ ರಾತ್ರಿ ಒಂದು ಗಂಟೆ ಹೆಚ್ಚು ತೆರೆಯಿರಿ ಎಂದು ಕೇಳಿದರು. ಒಪ್ಪಿಗೆ ಸಿಕ್ಕಿತು. ಎರಡು ತಿಂಗಳು ನಡೆದು ಮತ್ತೆ ನಿಂತುಹೋಯಿತು. ಹುಡುಗಿಯರು ಮತ್ತೆ ಎಣಿಸಲು ಶುರು ಮಾಡಿದ್ದಾರೆ. ನಮ್ಮವರಲ್ಲಿ ಕೆಲವರು 'ನಾವೇ ಹೋಗಿ ಮಾತಾಡಿ ಮುಗಿಸೋಣ' ಎಂದರು. ನಾನು ಬೇಡ ಎಂದೆ. ಸರಿಯೋ ತಪ್ಪೋ, ಆ ಬಗ್ಗೆ ನಮ್ಮೊಳಗೆ ಇನ್ನೂ ವಾದವಿದೆ.

ಹೆಣ್ಣುಮಕ್ಕಳನ್ನು ಬೀದಿಗೆ ಕಳಿಸುವುದು ಹೇಗೆ ಎಂದು ತಾಯಂದಿರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅವರದೇ ಬೀದಿ, ಹಗಲು ಹೊತ್ತು, ಜೊತೆಗೆ ಒಬ್ಬ ಸ್ವಯಂಸೇವಕಿ. ತಾಯಿ ಬಂದರೆ ಇನ್ನೂ ಒಳ್ಳೆಯದು. ಒಬ್ಬ ಖಾಲಾ ಮಗಳನ್ನು ಕಾಯಲು ಬಂದವರು ಕೊನೆಗೆ ತಾವೇ ಕ್ಯಾನ್ ಎಣಿಸುತ್ತಾ ನಿಂತರು.

ದಾನಿಗಳಿಗೆ ಒಂದು ಮಾತು. ಝಕಾತ್ ಹಣ ಅರ್ಹ ಕುಟುಂಬಗಳ ವಿದ್ಯಾರ್ಥಿವೇತನಕ್ಕೇ ಹೋಗುತ್ತದೆ, ಅದರ ಖಾತೆ ಬೇರೆ. ಪ್ರಾಜೆಕ್ಟ್ ಕೆಲಸದಲ್ಲಿ ಎಲ್ಲ ಸಮುದಾಯದ, ಎಲ್ಲ ಸ್ಥಿತಿಯ ಮಕ್ಕಳಿರುತ್ತಾರೆ. ಆದ್ದರಿಂದ ನೋಟ್‌ಬುಕ್ಕು, ಬಸ್ ಚಾರ್ಜು, ಟೀ ಬಿಸ್ಕತ್ತು ಸಾಮಾನ್ಯ ದಾನದ ಖಾತೆಯಿಂದ. ಖರ್ಚು ಸಣ್ಣದು. ನಮಗೆ ಕೊರತೆ ಇರುವುದು ಮನುಷ್ಯರದು.

1969ರಲ್ಲಿ, ಗಾಂಧೀಜಿ ಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರುವಾಯಿತು. ಎರಡು ವರ್ಷಕ್ಕೆ 240 ಗಂಟೆ ಸೇವೆ ಅದರ ಲೆಕ್ಕ. ಇಲ್ಲಿ ಕೂತಿರುವ ಡಿಗ್ರಿ ಮಕ್ಕಳಲ್ಲಿ ಎಷ್ಟೋ ಜನ ಆ ಗಂಟೆಗಳನ್ನು ಕಾಲೇಜು ಆವರಣದ ಹುಲ್ಲು ಕೀಳುವುದರಲ್ಲೇ ಮುಗಿಸುತ್ತೀರಿ. ನಿಮ್ಮ ಕಾರ್ಯಕ್ರಮಾಧಿಕಾರಿಗಳನ್ನು ಕೇಳಿ, ಅವರು ಒಪ್ಪಿದರೆ ಅದರಲ್ಲಿ ಸ್ವಲ್ಪ ಈ ಮಕ್ಕಳಿಗೆ ಕೊಡಿ.

ಈ ವರದಿಯ ಕೊನೆಯಲ್ಲಿರುವ ವಿದ್ಯಾರ್ಥಿವೇತನದ ಅರ್ಜಿಗೆ ಈ ಸಲ ಒಂದು ಸಾಲು ಸೇರಿಸಿದ್ದೇವೆ: 'ನಿಮ್ಮ ಊರಿನಲ್ಲಿ ನೀವು ತಿಳಿದುಕೊಳ್ಳಬೇಕೆಂದಿರುವುದು ಏನು?' ಉತ್ತರ ಬರೆಯದಿದ್ದರೂ ವಿದ್ಯಾರ್ಥಿವೇತನಕ್ಕೆ ಏನೂ ತೊಂದರೆಯಿಲ್ಲ, ಪೋಷಕರು ಹೆದರಬೇಡಿ. ಬರೆದರೆ ಮಗುವೇ ಬರೆಯಲಿ, ಕಾಗುಣಿತ ತಿದ್ದಬೇಡಿ. ಸ್ವಯಂಸೇವಕರಾಗುವವರು ಇವತ್ತು ಊಟದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಕೊಡಿ. ಬರುವ ಭಾನುವಾರ ಹತ್ತು ಗಂಟೆಗೆ ಶಾಲೆಯ ಜಗುಲಿಯಲ್ಲಿ ಸೇರುತ್ತೇವೆ, ಇನ್‌ಶಾ ಅಲ್ಲಾಹ್. ಕುಡಿಯುವ ನೀರು ಮಾತ್ರ ನೀವೇ ತನ್ನಿ.