ಕಡಲು ಬಿಸಿಯಾದರೆ ಶಿರೂರಿಗೇನು?



ಸಮುದ್ರ ಬಿಸಿಯಾಗುತ್ತಿದೆ ಎಂಬ ಸುದ್ದಿ ಕೇಳಿದ ಶಿರೂರಿನ ರೈತ ‘ಅದು ಕರಾವಳಿಯವರ ಚಿಂತೆ’ ಎಂದುಕೊಂಡರೆ ಆಶ್ಚರ್ಯವಿಲ್ಲ. ಬಾಗಲಕೋಟೆ ಸೀಮೆಯ ಈ ಊರಿಗೂ ಅರಬ್ಬೀ ಸಮುದ್ರಕ್ಕೂ 200 ಕಿ.ಮೀ.ಗಿಂತ ಹೆಚ್ಚು ದೂರ. ನಡುವೆ ಸಹ್ಯಾದ್ರಿ ಬೇರೆ. ಆದರೆ ಮುಂಗಾರು ನೀರಾವಿ ಹೊತ್ತು ಬರುವುದು ಅರಬ್ಬೀ ಸಮುದ್ರದ ಮೇಲಿಂದ. ಹಿಂಗಾರು, ಬಂಗಾಳಕೊಲ್ಲಿಯ ಕಡೆಯಿಂದ. ಎರೆಹೊಲದ ಬಿಳಿಜೋಳದ ತೆನೆ ತುಂಬುವುದೂ ಕಡಲ ನೀರಿನಿಂದಲೇ.

ಈ ನಂಟು ಇಂದಿನದಲ್ಲ. 1876-78ರ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ ತತ್ತರಿಸಿತು. 1876ರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷ ಶಾಂತಸಾಗರದ ನೀರು ವಿಪರೀತ ಬಿಸಿಯಾಗಿ, ದೇಶದಲ್ಲಿ ಬರ ಇನ್ನಷ್ಟು ಬಿಗಿಯಾಯಿತು. ‘ಎಲ್ ನಿನೊ’ ಎಂಬ ಈ ವಿದ್ಯಮಾನ ಗಾಳಿಯ ನಡೆಯನ್ನೇ ಬದಲಿಸಿ ಭಾರತದ ಮುಂಗಾರನ್ನು ಬಡವಾಗಿಸುತ್ತದೆ. ಬರವನ್ನು ಕ್ಷಾಮವಾಗಿಸಿದ್ದರಲ್ಲಿ ಆಳುವವರ ಪಾಲೂ ಇತ್ತು: ಜನ ಹಸಿದಿದ್ದಾಗಲೂ ದೇಶದ ಧಾನ್ಯ ಹಡಗೇರುತ್ತಿತ್ತು.

ಅಂದಿನ ಬಿಸಿ ಬಂದು ಹೋಗುವಂಥದು. ಇಂದಿನದು ಏರುತ್ತಲೇ ಇದೆ. ಕಲ್ಲಿದ್ದಲು, ಪೆಟ್ರೋಲು ಉರಿಸುವುದರಿಂದ ಭೂಮಿಯಲ್ಲಿ ಉಳಿಯುವ ಹೆಚ್ಚುವರಿ ಶಾಖದ ಸುಮಾರು ಶೇ 90ರಷ್ಟನ್ನು ಸಮುದ್ರಗಳೇ ನುಂಗುತ್ತಿವೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಆ ಭಾರವೆಲ್ಲ ಒಮ್ಮೆಗೇ ಇಳಿದರೆ ನೆರೆ. ಗಾಳಿ ದಾರಿ ತಪ್ಪಿದರೆ ಬರ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇಗುಲಗಳ ಅಂಗಳ ಹೊಕ್ಕಳು. 2023ರಲ್ಲಿ ಎಲ್ ನಿನೊ ಮರಳಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಪ್ರತಿ ನೆರೆಗೂ ಪ್ರತಿ ಬರಕ್ಕೂ ಕಡಲ ಬಿಸಿಯೊಂದೇ ಕಾರಣವೆನ್ನಲಾಗದು. ಅಣೆಕಟ್ಟಿನಿಂದ ಬಿಟ್ಟ ನೀರು, ಒತ್ತುವರಿಯಾದ ಹಳ್ಳ, ಹೂಳು ತುಂಬಿದ ಕೆರೆ ಎಲ್ಲವೂ ಸೇರುತ್ತವೆ. ಆದರೆ ನಾಲ್ಕೇ ವರ್ಷಗಳ ಅಂತರದಲ್ಲಿ ಎರಡನ್ನೂ ಉಂಡ ಸೀಮೆಗೆ ಇದು ದೂರದ ಮಾತಾಗಿ ಉಳಿದಿಲ್ಲ.

ಕಡಲನ್ನು ತಣಿಸುವುದು ಶಿರೂರೊಂದರ ಕೈಯಲ್ಲಿಲ್ಲ. ಹೊಗೆ ಹೆಚ್ಚು ಉಗುಳಿದ ದೇಶಗಳು ಮೊದಲು ಕೈ ಹಿಡಿಯಬೇಕು. ಊರಿನ ಕೈಯಲ್ಲಿರುವುದು ಮಳೆ ನೀರು. ಹೊಲಕ್ಕೆ ಬದು ಹಾಕುವುದು, ಕೆರೆಯ ಹೂಳೆತ್ತುವುದು, ಹಳ್ಳಕ್ಕೆ ಅದರ ದಾರಿ ಬಿಡುವುದು ಈ ಬಯಲುಸೀಮೆಯ ಹಿರಿಯರಿಗೆ ಗೊತ್ತಿದ್ದ ಕೆಲಸಗಳು. ಅಂದು ಅವು ಬರದ ಭಯಕ್ಕಾಗಿ ನಡೆದವು. ಇಂದು ಬರ, ನೆರೆ ಎರಡಕ್ಕೂ ಬೇಕಾಗಿವೆ. ಮುಂದಿನ ಮುಂಗಾರಿಗೆ ಮೊದಲೇ ಗ್ರಾಮಸಭೆಯಲ್ಲಿ ಈ ಮಾತು ಎದ್ದರೆ ಒಳಿತು.